ಮಾವನವರ ಮಂಡಿ, ಅತ್ತೆಯ ಮಡಿ, ಇಟಲಿಯಲ್ಲಿ ಒಂಬತ್ತು ರಾತ್ರಿ: ಈ ಯೋಜನೆ ನಡೆಯುತ್ತದಾ?

ಹಸಿರುಚೀಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2026ರ ಏಪ್ರಿಲ್ 22, ಬುಧವಾರ ರೋಮ್‌ನಲ್ಲಿ ಇಳಿಯುತ್ತೇವೆ. ಮೇ 1ರ ರಾತ್ರಿ ಮಿಲಾನ್‌ನ ಮಾಲ್ಪೆನ್ಸಾ ವಿಮಾನ ನಿಲ್ದಾಣದಿಂದ ವಾಪಸು. ವಿಮಾನದ ಟಿಕೆಟ್ ಆಗಿಹೋಗಿದೆ, ಇನ್ನು ಬದಲಾಯಿಸುವ ಹಾಗಿಲ್ಲ. ವೀಸಾಕ್ಕೆ ಮಾತ್ರ ಇನ್ನೂ ಅರ್ಜಿ ಹಾಕಿಲ್ಲ.

ಐದು ಜನ ಹೊರಟಿದ್ದೇವೆ: ನಾನು, ನಮ್ಮವರು, 10 ವರ್ಷದ ಮಗ, 68ರ ಅತ್ತೆ, 74ರ ಮಾವ. ಮಾವನವರ ಬಲಮಂಡಿಗೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿದೆ. ಸಮತಟ್ಟಾದ ಕಡೆ ಒಂದು ಮೈಲಿ ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಬಂದರೆ ಕಂಬಿ ಹಿಡಿದು ಒಂದೊಂದೇ ಹತ್ತಬೇಕು. ಕೇಳಿದರೆ "ನನಗೇನೂ ಆಗಲ್ಲ, ನೀವು ಬುಕ್ ಮಾಡಿ" ಅಂತಾರೆ. ಅತ್ತೆ ಮೊಟ್ಟೆ ಬಿದ್ದ ಕೇಕನ್ನೂ ಮುಟ್ಟುವವರಲ್ಲ.

ನಮ್ಮವರು ಎಕ್ಸೆಲ್‌ನಲ್ಲಿ ಬಣ್ಣಬಣ್ಣದ ಪಟ್ಟಿ ಮಾಡಿಟ್ಟಿದ್ದಾರೆ. ರೋಮ್ 2 ರಾತ್ರಿ, ಅದರಲ್ಲೇ ಒಂದು ದಿನ ಪೊಂಪೇ ಎಂಬ ಹಳೇ ರೋಮನ್ ಊರಿನ ಅವಶೇಷ. ಫ್ಲಾರೆನ್ಸ್ 1. ದಾರಿಯಲ್ಲಿ ಪೀಸಾ ನೋಡಿಕೊಂಡು ಚಿಂಕ್ವೆ ತೆರ್ರೆ ಹಳ್ಳಿಗಳಲ್ಲಿ 1. ವೆನಿಸ್ 2. ಮಿಲಾನ್ 3, ಅದರಲ್ಲಿ ಒಂದು ದಿನ ಕೋಮೊ ಸರೋವರ. ನೋಡಲು ಚೆನ್ನಾಗಿದೆ, ಆದರೆ ನನಗ್ಯಾಕೋ ಎದೆ ಢವಗುಟ್ಟುತ್ತಿದೆ.

ನನ್ನ ಅನುಮಾನಗಳು: ಫ್ಲಾರೆನ್ಸ್ ಕಡೆ ಕಾರು ಬಾಡಿಗೆಗೆ ತೆಗೆದುಕೊಂಡರೆ ಮಾವನವರಿಗೆ ಸುಲಭವೋ, ರೈಲೇ ಸರಿಯೋ? ವೆನಿಸ್‌ನಲ್ಲಿ ಒಳಗೇ ಉಳಿಯಬೇಕೋ, ಹೊರಗೆ ಮೆಸ್ತ್ರೆಯಲ್ಲೋ? ಅತ್ತೆಗೆ ಊಟಕ್ಕೆ ಏನು ಮಾಡೋದು? ಪ್ಯಾಕೇಜ್ ಟೂರ್ ಬೇಡ, ನಾವೇ ಹೋಗೋಣ ಎಂದು ಮನೆಯಲ್ಲಿ ವಾದ ಮಾಡಿ ಗೆದ್ದವಳು ನಾನೇ. ಗೆದ್ದ ದಿನದಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.


ಲೆಕ್ಕದ ಮೇಷ್ಟ್ರು

ಅಮ್ಮಾ, ನಾನು ಹೈಸ್ಕೂಲಿನಲ್ಲಿ 31 ವರ್ಷ ಲೆಕ್ಕ ಹೇಳಿಕೊಟ್ಟು ರಿಟೈರ್ ಆದವನು. ನಮ್ಮನೆಯವಳಿಗೆ ಎರಡೂ ಮಂಡಿ ನೋವು. ಕಳೆದ ಸೆಪ್ಟೆಂಬರ್‌ನಲ್ಲಿ ಇಬ್ಬರೇ ಹದಿಮೂರು ದಿನ ಇಟಲಿ ತಿರುಗಿ ಬಂದೆವು. ಮೊದಲನೇ ದಿನ ರೋಮ್‌ನಲ್ಲಿ ಅವಳು ಅರ್ಧ ದಾರಿಯಲ್ಲಿ ನಿಂತು "ಇನ್ನೆಷ್ಟು ಮೆಟ್ಟಿಲು ರೀ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕದ ಮೇಷ್ಟರಿಗೆ ಇದಕ್ಕಿಂತ ಅವಮಾನ ಬೇಕೇ? ಅವತ್ತಿನಿಂದ ಅಂಗಿಯ ಜೇಬಿನಲ್ಲಿ ಚಿಕ್ಕ ನೋಟುಪುಸ್ತಕ ಇಟ್ಟುಕೊಂಡು ಎಲ್ಲ ಕಡೆ ಮೆಟ್ಟಿಲು ಎಣಿಸಿ ಬರೆದೆ. ಅದನ್ನು ಮುಂದಿಟ್ಟುಕೊಂಡೇ ಈಗ ಬರೆಯುತ್ತಿದ್ದೇನೆ.

ನಿಮ್ಮ ಯಜಮಾನರ ಪಟ್ಟಿಯಲ್ಲಿ ಊರಿಂದೂರಿಗೆ ಎಷ್ಟು ಗಂಟೆ ಎನ್ನುವುದಿದೆ, ಎಷ್ಟು ಮೆಟ್ಟಿಲು ಎನ್ನುವುದಿಲ್ಲ. ಹಾಗಾಗಿ ಮೊದಲು ಕತ್ತರಿ ಹಾಕುವ ಕೆಲಸ. ಚಿಂಕ್ವೆ ತೆರ್ರೆ ತೆಗೆದುಬಿಡಿ. ಐದು ಹಳ್ಳಿಯೂ ಸಮುದ್ರದ ಪಕ್ಕದ ಬೆಟ್ಟಕ್ಕೆ ಅಂಟಿಕೊಂಡಿವೆ. ಕೊರ್ನೀಲ್ಯಾ ಎಂಬ ಹಳ್ಳಿಗೆ ರೈಲು ನಿಲ್ದಾಣದಿಂದ ಹತ್ತಲು 380ರ ಆಸುಪಾಸು ಮೆಟ್ಟಿಲು. ಚಿಕ್ಕ ಬಸ್ಸು ಇದೆ, ಆದರೆ ಹಳ್ಳಿಯೊಳಗೂ ಮತ್ತೆ ಏರು ಇಳಿ. ಒಂದೇ ರಾತ್ರಿಗೆ ಐದು ಜನರ ಸೂಟ್‌ಕೇಸ್ ಹೊತ್ತು ಅಲ್ಲಿಗೆ ಹೋಗುವುದೆಂದರೆ ಹೊರೋದೇ ಆಯಿತು, ನೋಡೋದಿಲ್ಲ.

ಪೊಂಪೇ ಕೂಡ ಈ ಸಲ ಬೇಡ. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ, ಅಲ್ಲಿಂದ ಚಿಕ್ಕ ರೈಲಿನಲ್ಲಿ ಮತ್ತೆ ಮುಕ್ಕಾಲು ಗಂಟೆ ತಳ್ಳಾಟ. ಒಳಗೆ ರೋಮನ್ನರು ಹಾಸಿದ ಅದೇ ಕಲ್ಲಿನ ರಸ್ತೆ, ಒಂದು ಕಲ್ಲು ಎತ್ತರ, ಒಂದು ತಗ್ಗು. ನಡೆಯಲು ಕಷ್ಟವಿರುವವರಿಗೆಂದೇ ಮೂರೂವರೆ ಕಿಲೋಮೀಟರಿನ ಒಂದು ಹಾದಿ ಮಾಡಿದ್ದಾರೆ, ಅದು ಒಳ್ಳೆಯದೇ. ಆದರೆ ರೋಮ್‌ಗೆ ಎರಡೇ ರಾತ್ರಿ ಕೊಟ್ಟವರು ಅದರಲ್ಲೂ ಒಂದು ದಿನ ಕಳೆಯುವುದು ಕೂಡಿಸೋದಲ್ಲ, ಕಳೆಯೋದು.

ನನ್ನ ಪ್ರಕಾರ ರೋಮ್ 4, ಫ್ಲಾರೆನ್ಸ್ 2, ವೆನಿಸ್ 2, ಮಿಲಾನ್ 1. ಒಂಬತ್ತಾಯಿತು.

ಇನ್ನು ಕ್ಯಾಲೆಂಡರ್ ತೆಗೆಯಿರಿ, ಇಲ್ಲೇ ಪಟ್ಟಿ ಮಾಡುವವರು ಎಡವುವುದು. ಏಪ್ರಿಲ್ 25 ಇಟಲಿಯ ವಿಮೋಚನಾ ದಿನ, ಸರ್ಕಾರಿ ರಜೆ. ಅವತ್ತು ಸರ್ಕಾರಿ ಮ್ಯೂಸಿಯಂಗಳಿಗೆ, ಕೊಲೋಸಿಯಂಗೂ, ಟಿಕೆಟ್ ಇಲ್ಲ. ಪುಕ್ಕಟೆ ಎಂದು ಖುಷಿಪಡಬೇಡಿ, ಇಡೀ ದೇಶ ಅಲ್ಲಿರುತ್ತದೆ. ಕೊಲೋಸಿಯಂ 24ಕ್ಕೆ ಮುಗಿಸಿಬಿಡಿ. ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ತುಂಬಿ, ಬಾಗಿಲಲ್ಲಿ ತಾಳೆ ನೋಡುತ್ತಾರೆ. ಒಳಗೆ ಲಿಫ್ಟ್ ಇದೆ, ಸಿಬ್ಬಂದಿಗೆ ಮಂಡಿ ತೋರಿಸಿ ಕೇಳಿದರೆ ಸಾಕು, ನಾವು ಹಾಗೇ ಹತ್ತಿದೆವು. ಪಕ್ಕದ ರೋಮನ್ ಫೋರಂ ಎಂಬ ಹಾಳುಬಿದ್ದ ಹಳೇ ಚೌಕಕ್ಕೆ ಮಾತ್ರ ಮಾವನವರನ್ನು ಇಳಿಸಬೇಡಿ. ಮೇಲಿನ ರಸ್ತೆಯ ಕಟ್ಟೆಯಿಂದ ನೋಡಿದರೆ ಮುಕ್ಕಾಲು ಪಾಲು ಕಾಣುತ್ತದೆ, ನೀವು ಮಗನನ್ನು ಕರೆದುಕೊಂಡು ಇಳಿದು ಬನ್ನಿ.

ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ಪುಕ್ಕಟೆಯಾಗಿ ತೆರೆಯುತ್ತದೆ. ನಿಮ್ಮ ಲೆಕ್ಕದಲ್ಲಿ ಅದು 26. ಅತ್ತ ಸುಳಿಯಬೇಡಿ, 23ಕ್ಕೆ ಮುಂಗಡ ಟಿಕೆಟ್ ಮಾಡಿ. ಒಳಗೆ ನಡೆದಷ್ಟೂ ಮುಗಿಯುವುದಿಲ್ಲ, ಸಿಸ್ಟೀನ್ ಚಾಪೆಲ್ ಬರುವಷ್ಟರಲ್ಲಿ ನಮ್ಮವಳು ಮೈಕೆಲಾಂಜೆಲೋನ ಚಿತ್ರ ನೋಡುವ ಮೊದಲು ಬೆಂಚು ಹುಡುಕಿದಳು. ಗುರುತಿನ ಚೀಟಿ ಇಟ್ಟುಕೊಂಡು ಗಾಲಿಕುರ್ಚಿ ಕೊಡುತ್ತಾರೆ, ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಸಂತ ಪೇತ್ರನ ಚರ್ಚಿನ ಗುಮ್ಮಟಕ್ಕೆ ಒಟ್ಟು 551 ಮೆಟ್ಟಿಲು. ಲಿಫ್ಟ್‌ಗೆ ದುಡ್ಡು ಕೊಟ್ಟರೆ ಎಲ್ಲ ಸಲೀಸು ಅಂದುಕೊಳ್ಳುತ್ತಾರೆ ಜನ. ಲಿಫ್ಟ್ ತಾರಸಿಯವರೆಗೆ ಮಾತ್ರ, ಆಮೇಲೆ 320 ಉಳಿದೇ ಉಳಿಯುತ್ತದೆ. ಅದೂ ಗೋಡೆ ಬಾಗಿದ ಕಿರಿದಾದ ದಾರಿ, ಮಧ್ಯದಲ್ಲಿ ಹಿಂದಕ್ಕೆ ತಿರುಗುವಂತಿಲ್ಲ. ಕೆಳಗೆ ಚರ್ಚಿನೊಳಗೆ ಹೋಗಲು ದುಡ್ಡಿಲ್ಲ, ಆದರೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಅತ್ತೆಯವರ ಸೀರೆಗೆ ಯಾರ ತಕರಾರೂ ಇಲ್ಲ, ಮಗನ ಚಡ್ಡಿಯದ್ದು ನೋಡಿಕೊಳ್ಳಿ.

ರೋಮ್‌ನಲ್ಲಿ ಉಳಿಯಲು ಪ್ರಾತಿ ಎಂಬ ಬಡಾವಣೆ ನೋಡಿ. ವ್ಯಾಟಿಕನ್ ಪಕ್ಕದಲ್ಲೇ ಇದೆ, ನೆಲ ಸಮತಟ್ಟು, ಫುಟ್‌ಪಾತ್ ಅಗಲ, ಮೆಟ್ರೊ ಹತ್ತಿರ. ಹಳೇ ಊರಿನ ಓಣಿಗಳಲ್ಲಿ ಸಾಂಪಿಯೆತ್ರೀನಿ ಎನ್ನುವ ಕರಿಕಲ್ಲು ಹಾಸಿದ್ದಾರೆ. ಸೂಟ್‌ಕೇಸಿನ ಗಾಲಿಗೂ ಮಂಡಿಗೂ ಅದು ಸಮಾನ ಶತ್ರು. ವಿಮಾನ ನಿಲ್ದಾಣದಿಂದ ತೆರ್ಮಿನಿ ನಿಲ್ದಾಣಕ್ಕೆ ಲೆಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷ, ತಲೆಗೆ 14 ಯೂರೊ. ಬಿಳಿ ಟ್ಯಾಕ್ಸಿಗೆ ಹಳೇ ಕೋಟೆಗೋಡೆಯ ಒಳಗಿನ ಊರಿಗೆ ನಿಗದಿ ದರ 55 ಯೂರೊ. ಆದರೆ ಸಾಮಾನ್ಯ ಟ್ಯಾಕ್ಸಿಗೆ ನಾಲ್ಕೇ ಜನ, ಐದು ಜನಕ್ಕೆ ದೊಡ್ಡ ಗಾಡಿ ಕೇಳಬೇಕು. ಹತ್ತುವ ಮೊದಲೇ ದರ ಬಾಯಿಬಿಟ್ಟು ಕೇಳಿ.

ಫ್ಲಾರೆನ್ಸ್‌ಗೆ ರೈಲಿನಲ್ಲಿ ಒಂದೂವರೆ ಗಂಟೆ. ಇಲ್ಲಿ ಇನ್ನೊಂದು ಗುಂಡಿ ಇದೆ: ನಿಮ್ಮ ಇಡೀ ದಿನ ಸೋಮವಾರಕ್ಕೆ, ಅಂದರೆ 27ಕ್ಕೆ, ಬೀಳುತ್ತದೆ. ಸೋಮವಾರ ಉಫೀತ್ಸಿ ಚಿತ್ರಶಾಲೆಯೂ ಇಲ್ಲ, ದಾವಿದನ ಮೂರ್ತಿ ಇರುವ ಅಕಾಡೆಮಿಯೂ ಇಲ್ಲ. ಹಾಗಾಗಿ 26ರ ಬೆಳಿಗ್ಗೆ ಬೇಗ ರೋಮ್ ಬಿಟ್ಟು, ಸಾಮಾನು ಹೋಟೆಲಿಗೆ ಎಸೆದು, ಮಧ್ಯಾಹ್ನ ಇವೆರಡರಲ್ಲಿ ಒಂದನ್ನು ನೋಡಿ. ಎರಡೂ ಆಸೆಪಡಬೇಡಿ. ದೊಡ್ಡ ಚರ್ಚಿನ ಗುಮ್ಮಟಕ್ಕೆ 463 ಮೆಟ್ಟಿಲು, ಪಕ್ಕದ ಜೊತ್ತೊ ಗೋಪುರಕ್ಕೆ 414, ಎರಡಕ್ಕೂ ಲಿಫ್ಟ್ ಇಲ್ಲ. ಊರನ್ನು ಮೇಲಿಂದ ನೋಡಬೇಕೆಂದರೆ 12 ಅಥವಾ 13ನೇ ನಂಬರಿನ ಬಸ್ಸು ಹತ್ತಿ ಮೈಕೆಲಾಂಜೆಲೊ ಚೌಕಕ್ಕೆ ಹೋಗಿ. ಬಸ್ಸು ಮೇಲೆಯೇ ಇಳಿಸುತ್ತದೆ, ಮೆಟ್ಟಿಲು ಸೊನ್ನೆ. ನನ್ನ ಪುಸ್ತಕದಲ್ಲಿ ಸೊನ್ನೆ ಬರೆದ ಪುಟಗಳು ಕಡಿಮೆ, ಇದು ಅದರಲ್ಲೊಂದು.

ಸೋಮವಾರ ಪೀಸಾಕ್ಕೆ ಬದಲು ಲೂಕ್ಕಾಗೆ ಹೋಗಬಹುದು. ಊರ ಸುತ್ತ ನಾಲ್ಕು ಕಿಲೋಮೀಟರಿನ ದಪ್ಪ ಕೋಟೆಗೋಡೆ, ಅದರ ನೆತ್ತಿಯೇ ಮರಗಳ ಸಾಲಿರುವ ಅಗಲ ರಸ್ತೆ. ಇಳಿಜಾರಿನಲ್ಲಿ ಹತ್ತಿದರೆ ಆಮೇಲೆ ಪೂರಾ ಸಮ. ಮಗನಿಗೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ವಾಲುಗೋಪುರ ನೋಡದೆ ಬಂದಿರಾ ಎಂದು ನೆಂಟರು ಕೇಳುತ್ತಾರೆ ಅಂತಿದ್ದರೆ ಪೀಸಾಕ್ಕೇ ಹೋಗಿ, ನಾನು ಅಡ್ಡ ಬರುವುದಿಲ್ಲ.

ಈಗ ರೈಲು, ಇದರಲ್ಲಿ ನಾನು ದುಡ್ಡು ಕೊಟ್ಟು ಪಾಠ ಕಲಿತಿದ್ದೇನೆ. ವೇಗದ ರೈಲಿನ ಟಿಕೆಟ್‌ನಲ್ಲಿ ದಿನ, ಗಂಟೆ, ಬೋಗಿ, ಸೀಟು ಎಲ್ಲ ಇರುತ್ತದೆ, ಬೇಗ ಕೊಂಡಷ್ಟೂ ಅಗ್ಗ. ಊರೂರಿಗೆ ನಿಲ್ಲುವ ರೆಜೊನಾಲೆ ರೈಲಿನದ್ದು ಬೇರೆ ಕಥೆ. ಅದರ ಕಾಗದದ ಟಿಕೆಟ್‌ಗೆ ಪ್ಲಾಟ್‌ಫಾರಂ ಬಾಯಲ್ಲಿರುವ ಚಿಕ್ಕ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ಮೊಬೈಲಿನಲ್ಲಿ ಕೊಂಡಿದ್ದರೆ ರೈಲು ಹೊರಡುವ ಮೊದಲು ಅದರಲ್ಲೇ ಚೆಕ್‌-ಇನ್ ಒತ್ತಬೇಕು. ನಾನು ಸಾಲಿನಲ್ಲಿ ನಿಂತು, ದುಡ್ಡು ಕೊಟ್ಟು, ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಲೂಕ್ಕಾ ರೈಲಿನಲ್ಲಿ ಠೀವಿಯಿಂದ ಕೂತಿದ್ದೆ. ತಪಾಸಣೆಗೆ ಬಂದ ಹೆಣ್ಣುಮಗಳು ಟಿಕೆಟ್ ತಿರುಗಿಸಿ ತಿರುಗಿಸಿ ನೋಡಿ ದಂಡದ ಚೀಟಿ ಹರಿದಳು. ತಪ್ಪು ನನ್ನದೇ. ಎಷ್ಟು ಎಂದು ಕೇಳಬೇಡಿ, ಆ ದುಡ್ಡಿನಲ್ಲಿ ನಾವಿಬ್ಬರೂ ಎರಡು ಹೊತ್ತು ಕೂತು ಉಣ್ಣಬಹುದಿತ್ತು. ನಮ್ಮವಳು ಇವತ್ತಿಗೂ ಬಸ್ಸು ಹತ್ತುವಾಗ "ಮುದ್ರೆ ಒತ್ತಿಸಿದಿರಾ?" ಅನ್ನುತ್ತಾಳೆ.

ಮಾವನವರಿಗಾಗಿ ಸಾಲಾ ಬ್ಲೂ ಎಂಬ ಹೆಸರು ಬರೆದಿಟ್ಟುಕೊಳ್ಳಿ. ದೊಡ್ಡ ನಿಲ್ದಾಣಗಳಲ್ಲಿ ವಯಸ್ಸಾದವರಿಗೆ, ನಡೆಯಲಾಗದವರಿಗೆ ಇರುವ ಸಹಾಯ ಕೊಠಡಿ. ಹಿಂದಿನ ದಿನವೇ ತಿಳಿಸಿದರೆ ಗಾಲಿಕುರ್ಚಿ ತಂದು ಬೋಗಿಯ ಬಾಗಿಲವರೆಗೂ ಬಿಡುತ್ತಾರೆ, ಇಳಿಯುವ ಊರಿನಲ್ಲೂ ಕಾಯುತ್ತಾರೆ. ಪೂರ್ತಿ ಪುಕ್ಕಟೆ. ವೇಗದ ರೈಲಿನ ಬಾಗಿಲಲ್ಲೂ ಕಿರಿದಾದ ಎರಡು ಮೂರು ಮೆಟ್ಟಿಲು ಇರುತ್ತವೆ, ಜೊತೆಗೆ ಯಾವ ಪ್ಲಾಟ್‌ಫಾರಂ ಎನ್ನುವುದನ್ನು ಹೊರಡುವ ಕೆಲವೇ ನಿಮಿಷ ಮೊದಲು ಬೋರ್ಡಿಗೆ ಹಾಕುತ್ತಾರೆ. ಎಲ್ಲರೂ ಓಡುತ್ತಾರೆ, ಮಾವನವರು ಓಡಲಾರರು.

ವೆನಿಸ್ ಬಗ್ಗೆ ರಾತ್ರಿ ಬರೆಯುತ್ತೇನೆ, ಬೆರಳು ನೋಯುತ್ತಿದೆ.


ಗಾಡಿಗಿರಾಕಿ

ಮೇಷ್ಟ್ರು ಕಾರಿನ ಬಗ್ಗೆ ಹೇಳೇ ಇಲ್ಲ, ಅದಕ್ಕ ನಾ ಬಂದೆ. ಅಕ್ಕಾರ, ಕಾರ್ ಬ್ಯಾಡ್ರಿ. ಅಲ್ಲಿ ಹಳೇ ಊರಿನ ಒಳಗ ಝಡ್‌ಟಿಎಲ್ ಅಂತ ಇರ್ತದ. ಪರವಾನಗಿ ಇಲ್ಲದ ಗಾಡಿ ಒಳಗ ಹೋಗೂಹಂಗಿಲ್ಲ. ಗೇಟ್ ಇಲ್ಲ, ಪೊಲೀಸ್ ಇಲ್ಲ, ಕೆಂಪು ಸುತ್ತಿನ ಬಿಳಿ ಬೋರ್ಡ್ ಒಂದು, ಮ್ಯಾಲೊಂದು ಕ್ಯಾಮೆರಾ. ಫ್ಲಾರೆನ್ಸ್, ಪೀಸಾ, ಸಿಯೆನಾ ಎಲ್ಲಾ ಕಡೆ ಅದ. ನಾ ಫ್ಲಾರೆನ್ಸ್‌ನಾಗ ಹೋಟೆಲ್ ಹುಡುಕ್ಕೋಂತ ಅದೇ ಓಣಿ ಮೂರು ಸಲ ಸುತ್ತಿದೆ. ಐದು ತಿಂಗಳ ಮ್ಯಾಲೆ ಮೂರು ದಂಡ ಮನಿಗೆ ಬಂದ್ವು ನೋಡ್ರಿ, ಒಂದೊಂದ್ ಸುತ್ತಿಗೆ ಒಂದೊಂದು! ನನ್ನ ಹೆಸರು ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕ ಅಂತ ಬಾಡಿಗಿ ಕಂಪನಿಯಾಂವ ಅದಕ್ಕಿಂತ ಮೊದಲೇ ಕಾರ್ಡಿನಿಂದ ಬ್ಯಾರೆ ಹಣ ಎಳಕೊಂಡಿದ್ದ.

ಹಳ್ಳಿ ಕಡೆ ದ್ರಾಕ್ಷಿ ತೋಟ ನೋಡೂದಿದ್ರ ಗಾಡಿ ಛಲೋ, ಅದಕ್ಕೂ ಲೈಸೆನ್ಸ್ ಜೋಡಿ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕಾಗ್ತದ. ನೀವು ಹೊಂಟಿದ್ದು ನಾಕು ದೊಡ್ಡ ಊರು. ರೈಲಿನಾಗ ಹೋಗ್ರಿ, ಮಾವನವರು ಕಿಟಕಿ ಕಡೆ ಕೂತು ಆರಾಮ ನೋಡ್ಲಿ.


ಪಾದೊವಾ ಪರದೇಸಿ

ನಾನು ಇಟಲಿಯ ಪಾದೊವಾದಲ್ಲಿ ಮೂರು ವರ್ಷ ಓದಿದವಳು, ನಮ್ಮಮ್ಮ ಬಂದು ಒಂದು ತಿಂಗಳು ಇದ್ದರು. ಅವರೂ ನಿಮ್ಮ ಅತ್ತೆ ತರಹವೇ. ಹಾಗಾಗಿ ಊಟದ ವಿಷಯ ನನಗೆ ಬಿಡಿ.

ಸಸ್ಯಾಹಾರಿ ಅಂದರೆ ಅಲ್ಲಿ ಅರ್ಥವಾಗುತ್ತದೆ, ಆದರೆ ಮಾಂಸ ಕಣ್ಣಿಗೆ ಕಾಣದಿದ್ದರೆ ಸಾಕು ಎಂದುಕೊಳ್ಳುವ ಅಡುಗೆಯವರೂ ಇದ್ದಾರೆ. ಸೂಪಿನ ನೀರು ಮಾಂಸದ್ದಿರಬಹುದು, ಅದಕ್ಕೆ ಬ್ರೋದೊ ಅನ್ನುತ್ತಾರೆ, ಕೇಳಿಕೊಳ್ಳಿ. ಪಿಜ್ಜಾ ಮೇಲೆ ಅಚ್ಚೂಗೆ ಎಂದಿದ್ದರೆ ಅದು ಮೀನು. ಬಾಯಿಪಾಠ ಮಾಡಬೇಕಾದ್ದು ಮೂರೇ: ಸೆಂತ್ಸ ಕಾರ್ನೆ, ಸೆಂತ್ಸ ಪೇಶೆ, ಸೆಂತ್ಸ ಉವೋವ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ.

ಮೊಟ್ಟೆ ಎಲ್ಲಿ ಅಡಗಿರುತ್ತದೆ ಎಂದರೆ ಕೈಯಲ್ಲಿ ಮಾಡಿದ ತಾಜಾ ಪಾಸ್ತಾದಲ್ಲಿ. ತಾಲ್ಯಾತೆಲ್ಲೆ, ರವಿಯೋಲಿ, ಲಸಾನ್ಯ ಬಿಟ್ಟುಬಿಡಿ. ಒಣಗಿದ ಸ್ಪಗೆಟ್ಟಿ, ಪೆನ್ನೆ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು ಅಷ್ಟೇ. ಪೆನ್ನೆ ಅರ‍್ರಬ್ಬಿಯಾತ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಅಮ್ಮ ಅದನ್ನು ತಿಂದ ದಿನ ಮೊದಲ ಸಲ ಉಪ್ಪಿನಕಾಯಿ ಬಾಟಲಿ ಹೊರಗೆ ಬರಲಿಲ್ಲ. ಪಿಜ್ಜಾದಲ್ಲಿ ಮರಿನಾರಾ ಅಂದರೆ ಚೀಸೂ ಇಲ್ಲ, ಮೀನೂ ಇಲ್ಲ, ಬರೀ ಟೊಮೆಟೊ ಬೆಳ್ಳುಳ್ಳಿ. ಮೆನುವಿನಲ್ಲಿ ಕೊಂತೋರ್ನಿ ಎಂಬ ಭಾಗ ಇರುತ್ತದೆ, ಅದೆಲ್ಲ ಪಲ್ಯದ ಜಾತಿ: ಪಾಲಕ್, ಆಲೂಗಡ್ಡೆ, ಬೀನ್ಸ್ ಕಾಳು. ಎರಡು ಕೊಂತೋರ್ನಿ ಮತ್ತು ಬ್ರೆಡ್ ಇದ್ದರೆ ಒಂದು ಊಟ ಆಯಿತು. ಪೀಸಾ ಕಡೆ ಹೋದರೆ ಚೆಚೀನಾ ಹುಡುಕಿ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಬೇಯಿಸಿದ್ದು. ಅಮ್ಮ ಒಂದು ತುಂಡು ಬಾಯಿಗೆ ಹಾಕಿ "ಇದಕ್ಕೆ ಒಂಚೂರು ಇಂಗು ಬಿದ್ದಿದ್ದರೆ" ಎಂದರು.

ಇನ್ನೊಂದು, ಅತ್ತೆಗೆ ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು. ಪಾರ್ಮಿಜಾನೊ ಚೀಸನ್ನು ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ, ಅದು ಅದರ ನಿಯಮದಲ್ಲೇ ಇದೆ. ಅಮ್ಮನಿಗೆ ನಾನು ಎರಡನೇ ವಾರ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೊದಲೇ ಹೇಳಿದ್ದರೆ ವಾಸಿಯಿತ್ತು.

ಅಡುಗೆಮನೆ ಇರುವ ಮನೆ ಬಾಡಿಗೆಗೆ ತೆಗೆದುಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಸೂಪರ್‌ಮಾರ್ಕೆಟ್‌ನಲ್ಲಿ ತರಕಾರಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅಲ್ಲೇ ಇಟ್ಟಿರುವ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಆರಿಸಿ, ತಕ್ಕಡಿಯಲ್ಲಿ ಇಟ್ಟು, ನಂಬರ್ ಒತ್ತಿ, ಸ್ಟಿಕ್ಕರ್ ಅಂಟಿಸಿಕೊಂಡೇ ಬಿಲ್ಲಿಗೆ ಹೋಗಬೇಕು. ಅಮ್ಮ ಟೊಮೆಟೊ ಹಿಸುಕಿ ನೋಡಿದ್ದಕ್ಕೆ ಪಕ್ಕದ ಅಜ್ಜಿ ಕೆಕ್ಕರಿಸಿದ್ದು ನನಗೆ ಇನ್ನೂ ನೆನಪಿದೆ.

ಹೋಟೆಲಿನಲ್ಲಿ ಕೂತರೆ ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಒಂದೆರಡು ಮೂರು ಯೂರೊ ಬರಬಹುದು. ಮೋಸವಲ್ಲ, ಮೇಜು ಬ್ರೆಡ್ಡಿನ ಲೆಕ್ಕ. ಟಿಪ್ಸ್ ಕಡ್ಡಾಯವಲ್ಲ. ಕಾಫಿಯನ್ನು ಕಟ್ಟೆ ಹತ್ತಿರ ನಿಂತು ಕುಡಿದರೆ ಒಂದು ದರ, ಅದೇ ಕಾಫಿ ಮೇಜಿಗೆ ಬಂದರೆ ಇನ್ನೊಂದು. ಬರೀ ಲಾತ್ತೆ ಎಂದು ಕೇಳಿದರೆ ಒಂದು ಲೋಟ ಹಾಲು ತಂದಿಡುತ್ತಾರೆ. ಮಧ್ಯಾಹ್ನ ಎರಡೂವರೆ ದಾಟಿದರೆ ಅಡುಗೆಮನೆ ಮುಚ್ಚಿ, ರಾತ್ರಿ ಏಳೂವರೆಗೆ ತೆರೆಯುವುದೇ ಹೆಚ್ಚು. ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಚೀಲದಲ್ಲಿ ಏನಾದರೂ ಇಟ್ಟುಕೊಂಡೇ ಇರಿ.


ಹಸಿರುಚೀಲ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮೇಷ್ಟ್ರೇ, ನಿಮ್ಮ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮವರು ಚಿಂಕ್ವೆ ತೆರ್ರೆ ಸಾಲನ್ನು ಅಳಿಸುವಾಗ ಮುಖ ನೋಡಬೇಕಿತ್ತು. ಮಾವನವರು ಮಾತ್ರ "ಆ ಮೇಷ್ಟ್ರು ಯಾರು, ನಂಬರ್ ಇದೆಯಾ" ಅಂತಿದ್ದಾರೆ. ಕಾರು ಕ್ಯಾನ್ಸಲ್. ಚೀಸಿನ ವಿಷಯ ಅತ್ತೆಗೆ ಹೇಳಿದೆ, "ಹಾಗಾದರೆ ಅದು ಬೇಡ, ಉಳಿದದ್ದು ಸಾಕು" ಎಂದರು, ಮಾತು ಬಿಡಲಿಲ್ಲ.

ವೆನಿಸ್ ಬಾಕಿ ಇದೆ. ಜೊತೆಗೆ ಸ್ವಲ್ಪ ಮುಜುಗರದ ಪ್ರಶ್ನೆ: ಬಾತ್‌ರೂಮಿನಲ್ಲಿ ನೀರು ಇರುತ್ತದಾ? ಅತ್ತೆ ಚೊಂಬು ಪ್ಯಾಕ್ ಮಾಡಿಬಿಟ್ಟಿದ್ದಾರೆ.


ಲೆಕ್ಕದ ಮೇಷ್ಟ್ರು

ಚೊಂಬನ್ನು ತೆಗೆದಿಟ್ಟು ಆ ಜಾಗಕ್ಕೆ ಅವಲಕ್ಕಿ ತುಂಬಲು ಹೇಳಿ. ಯೂರೋಪಿನಲ್ಲಿ ಈ ವಿಷಯದಲ್ಲಿ ನಮ್ಮವರ ಮಾನ ಉಳಿಸಿದ್ದು ಇಟಲಿ ಎನ್ನಬೇಕು. ಮನೆಗಳ ಬಚ್ಚಲಿನಲ್ಲಿ ಬಿಡೆ ಇರಲೇಬೇಕು ಎಂದು 1975ರಲ್ಲಿ ಸರ್ಕಾರಿ ಆದೇಶವೇ ಆಗಿದೆ. ಕಮೋಡಿನ ಪಕ್ಕದಲ್ಲಿ ಕುಳ್ಳಗೆ ಇನ್ನೊಂದು ಬೇಸಿನ್, ನಲ್ಲಿ ಸಮೇತ. ನಾವಿದ್ದ ಎಲ್ಲ ಕಡೆಯೂ ಇತ್ತು. ರೈಲು ನಿಲ್ದಾಣದ ಶೌಚಾಲಯದಲ್ಲಿ ಇರುವುದಿಲ್ಲ, ಅಲ್ಲಿಗೆ ಒಂದು ಯೂರೊ ನಾಣ್ಯ ಇಟ್ಟುಕೊಂಡಿರಿ. ಕುಡಿಯುವ ನೀರಿಗೆ ರೋಮ್‌ನಲ್ಲಿ ದುಡ್ಡು ಕೊಡಲೇಬೇಡಿ, ಬೀದಿಬೀದಿಯಲ್ಲಿ ನಸೋನಿ ಎಂಬ ಕಬ್ಬಿಣದ ನಲ್ಲಿಗಳಿವೆ, ನೀರು ಸುರಿಯುತ್ತಲೇ ಇರುತ್ತದೆ. ಕೆಳಗಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ಮೇಲಿನ ತೂತಿನಿಂದ ಕಾರಂಜಿಯ ಹಾಗೆ ಚಿಮ್ಮುತ್ತದೆ, ಬಗ್ಗುವ ಕಷ್ಟವಿಲ್ಲ. ಇದನ್ನು ನಿಮ್ಮ ಮಗನ ಕೈಗೆ ಒಪ್ಪಿಸಿ.

ವೀಸಾ ಬೇಗ ಮಾಡಿ. ಹೊರಡುವ ಆರು ತಿಂಗಳ ಮೊದಲಿಂದಲೇ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಶುಲ್ಕ ದೊಡ್ಡವರಿಗೆ 90 ಯೂರೊ, ಮಗನಿಗೆ 45. ಅವನಿಗೆ 12 ತುಂಬಿಲ್ಲವಾದ್ದರಿಂದ ಬೆರಳಚ್ಚು ಇಲ್ಲ. 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ವಿಮೆ ಕಡ್ಡಾಯ, ಮಾವನವರ ಹಳೇ ಆಪರೇಷನ್ ವಿಷಯ ಅದರಲ್ಲಿ ಮುಚ್ಚಿಡಬೇಡಿ. ವಿಮಾನ ನಿಲ್ದಾಣದ ಗಾಲಿಕುರ್ಚಿಗೆ 48 ಗಂಟೆ ಮೊದಲೇ ವಿಮಾನದವರಿಗೆ ಹೇಳಿಡಿ.

ಈಗ ವೆನಿಸ್. 400ಕ್ಕೂ ಹೆಚ್ಚು ಸೇತುವೆ, ಬಹುಪಾಲು ಎಲ್ಲಕ್ಕೂ ಹತ್ತಿ ಇಳಿಯುವ ಮೆಟ್ಟಿಲು. ನಡುವೆ ಆಟೊ, ಟ್ಯಾಕ್ಸಿ ಏನೂ ಇಲ್ಲ. ಆದರೂ ಇಡೀ ಪ್ರವಾಸದಲ್ಲಿ ನಮ್ಮವಳು ಹೆಚ್ಚು ಖುಷಿಯಾಗಿದ್ದ ಊರು ಅದೇ, ಏಕೆಂದರೆ ಕೂತೇ ನೋಡಬಹುದು. ವಪೊರೆತ್ತೊ ಎಂಬ ದೋಣಿಬಸ್ಸಿನ 1ನೇ ನಂಬರ್ ದೊಡ್ಡ ಕಾಲುವೆ ಪೂರ್ತಿ ಹಾದು ಹೋಗುತ್ತದೆ, ಸಂತ ಮಾರ್ಕನ ಚೌಕದವರೆಗೆ ಮುಕ್ಕಾಲು ಗಂಟೆ. ಒಂದು ಸಲದ ಟಿಕೆಟ್ 9.50 ಯೂರೊ, 75 ನಿಮಿಷ ನಡೆಯುತ್ತದೆ. ದಿನದ ಪಾಸು 25, ಎರಡು ದಿನದ್ದು 35. ನೀವು ಎರಡು ದಿನದ್ದೇ ಕೊಳ್ಳಿ, ಕಾಲು ನೊಂದಾಗಲೆಲ್ಲ ದೋಣಿ ಹತ್ತಿ ಕೂತುಬಿಡಿ.

ಉಳಿಯುವುದು ಒಳಗೇ, ದೋಣಿ ನಿಲ್ದಾಣಕ್ಕೂ ಮನೆಗೂ ನಡುವೆ ಒಂದೂ ಸೇತುವೆ ಇಲ್ಲದ ಕಡೆ. ಅಂಥದ್ದು ಸಿಗದಿದ್ದರೆ ಮೆಸ್ತ್ರೆ ನಿಲ್ದಾಣದ ಎದುರಿನಲ್ಲಿ ಇರಿ, ರೈಲಿನಲ್ಲಿ ಹತ್ತು ನಿಮಿಷ. ರೈಲಿನಲ್ಲಿ ಮೊದಲು ಬರುವುದು ವೆನೀಜಿಯಾ ಮೆಸ್ತ್ರೆ, ನೀರಿನ ಊರು ಅದರ ಮುಂದಿನ ವೆನೀಜಿಯಾ ಸಾಂತಾ ಲೂಚಿಯಾ, ಹೆಸರು ನೋಡಿ ಅವಸರದಲ್ಲಿ ಇಳಿಯಬೇಡಿ. ಹಗಲು ಬಂದು ಹೋಗುವವರಿಗೆ ಕೆಲವು ದಿನ ಪ್ರವೇಶ ಶುಲ್ಕ ಹಾಕಿದ್ದಾರೆ. ರಾತ್ರಿ ಉಳಿಯುವವರಿಗೆ, ಮೆಸ್ತ್ರೆಯಲ್ಲಿದ್ದರೂ, ಅದಿಲ್ಲ. ಆದರೆ ವಿನಾಯಿತಿಯನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ನೋಂದಾಯಿಸಬೇಕಾಗಬಹುದು, ಬಾಡಿಗೆ ಮನೆಯ ಒಡೆಯರನ್ನು ಕೇಳಿ. ಊರಿನ ತೆರಿಗೆ ಅಂತ ತಲೆಗೆ, ರಾತ್ರಿಗೆ ಇಷ್ಟು ಎಂದು ಬೇರೆ ವಸೂಲಿ ಮಾಡುತ್ತಾರೆ, ನೀವು ಹೋಗುವ ಎಲ್ಲ ಊರಿನಲ್ಲೂ ಇದೆ. ಕೆಲವರು ನಗದೇ ಕೇಳುತ್ತಾರೆ. ಅಷ್ಟಕ್ಕೆ ಮತ್ತು ಚಿಲ್ಲರೆಗೆ ಬಿಟ್ಟರೆ ಕಾರ್ಡೇ ಸಾಕು. ಯಂತ್ರ ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ ಎಂದು ಕೇಳಿದರೆ ಬೇಡ ಎಂದು ಯೂರೊ ಒತ್ತಿ.

ಮನೆ ಬುಕ್ ಮಾಡುವ ಮೊದಲು ಒಡೆಯರಿಗೆ ಮೂರು ಪ್ರಶ್ನೆ ಬರೆದು ಕಳಿಸಿ. ಲಿಫ್ಟ್ ಇದೆಯೇ: ಚೆ ಲಶ್ಶೆನ್ಸೋರೆ? ಎಷ್ಟು ಮೆಟ್ಟಿಲು: ಕ್ವಾಂತಿ ಗ್ರದೀನಿ? ಎಷ್ಟು ಸೇತುವೆ: ಕ್ವಾಂತಿ ಪೊಂತಿ? ಮೊದಲ ಮಹಡಿ ಎಂದ ಮಾತ್ರಕ್ಕೆ ನಂಬಬೇಡಿ, ಹಳೇ ಕಟ್ಟಡಗಳಲ್ಲಿ ನೆಲಕ್ಕೂ ಮೊದಲ ಮಹಡಿಗೂ ನಡುವೆ ಲೆಕ್ಕಕ್ಕೆ ಬಾರದ ಒಂದು ಅರ್ಧ ಮಹಡಿ ಕೂತಿರುತ್ತದೆ.

ಮಿಲಾನ್‌ನಲ್ಲಿ ಚೆಂತ್ರಾಲೆ ನಿಲ್ದಾಣದ ಹತ್ತಿರ ಇರಿ, ಮಾಲ್ಪೆನ್ಸಾ ರೈಲು ಅಲ್ಲಿಂದಲೇ. ಮೇ 1 ಅಲ್ಲೂ ಕಾರ್ಮಿಕರ ದಿನ, ರಜೆಯ ವೇಳಾಪಟ್ಟಿ ನೋಡಿಕೊಳ್ಳಿ. ಸಂಜೆ ಸಮಯವಿದ್ದರೆ ದೊಡ್ಡ ಚರ್ಚಿನ ತಾರಸಿಗೆ ಲಿಫ್ಟ್ ಇದೆ.


ಹಸಿರುಚೀಲ

ವೆನಿಸ್‌ನ ಒಂದು ಮನೆ ತುಂಬ ಹಿಡಿಸಿತ್ತು, ಕಿಟಕಿಯಿಂದ ಕಾಲುವೆ ಕಾಣುತ್ತದೆ. ಮೂರು ಪ್ರಶ್ನೆ ಕಳಿಸಿದೆ. ಉತ್ತರ ಬಂತು: ಲಿಫ್ಟ್ ಇಲ್ಲ, ಎರಡನೇ ಮಹಡಿ, 46 ಮೆಟ್ಟಿಲು, ದೋಣಿ ನಿಲ್ದಾಣದಿಂದ "ಬರೀ ಮೂರು" ಸೇತುವೆ. ಎರಡೇ ದಿನ ತಾನೇ, ಪರವಾಗಿಲ್ಲ ಅಂತಿದ್ದಾರೆ ನಮ್ಮವರು. ಮೇಷ್ಟ್ರೇ?


ಲೆಕ್ಕದ ಮೇಷ್ಟ್ರು

ಒಂದು ಸೇತುವೆಗೆ ಹತ್ತಲು 14, ಇಳಿಯಲು 14 ಎಂದು ಇಟ್ಟುಕೊಳ್ಳಿ, ನನ್ನ ಪುಸ್ತಕದ ಸರಾಸರಿ. ಮೂರಕ್ಕೆ 84. ಹೋಗಿ ಬರಲು 168. ಮನೆಯ ಮೆಟ್ಟಿಲು ಇಳಿದು ಹತ್ತಲು 92. ದಿನಕ್ಕೆ ಒಂದೇ ಸಲ ಹೊರಗೆ ಹೋದರೂ 260, ಎರಡು ದಿನಕ್ಕೆ 520. ಸಂತ ಪೇತ್ರನ ಗುಮ್ಮಟ 551.

ಈ ಲೆಕ್ಕವನ್ನು ಯಜಮಾನರ ಎಕ್ಸೆಲ್‌ಗೆ ಒಂದು ಸಾಲಾಗಿ ಸೇರಿಸಿ. ದುಡ್ಡು ವಾಪಸು ಬರುವಂತೆ ರದ್ದು ಮಾಡಲು ಕೊನೆಯ ದಿನ ಯಾವುದು ಎಂದು ಇವತ್ತೇ ನೋಡಿ.